ದೊಡ್ಡಕ್ಕನ ಪಾಲಿನ ಮಾತ್ರೆ

ಮೆಟ್ಟಿಲಿನ ತಿರುವಿನಲ್ಲಿ ಹೆಣ ಸಿಕ್ಕಿಕೊಂಡಿತ್ತು. ಮೊದಲು ಕಾಲು ಇಳಿಯಲಿ ಎಂದು ದರ್ಜಿ, ತಲೆ ಎಂದು ಕ್ಷೌರಿಕ. ಬದುಕಿದ್ದಾಗ ಯಾರಿಗೂ ಅಡ್ಡಬಂದವನಲ್ಲ, ಇವತ್ತು ನೋಡಿ ಎಂದು ಯಾರೋ ಗೊಣಗಿದರು. ಕೊನೆಗೆ ಕಂಬಿಯ ಮೇಲಿಂದ ಎತ್ತಿ ಇಳಿಸಿ, ಕೆಳಗಿನ ಅವನದೇ ಔಷಧಿ ಅಂಗಡಿಯ ಮುಚ್ಚಿದ ಬಾಗಿಲು ದಾಟಿಸಿ ವ್ಯಾನಿಗೆ ಏರಿಸಿದರು. ಮನೆಯವರಿಗೆ ಇನ್ನೊಂದು ವ್ಯಾನ್ ಬರಬೇಕಿತ್ತು.

ಕಿಟಕಿಯಲ್ಲಿ ನಿಂತಿದ್ದ ಹೆಂಡತಿಗೆ ಅಳು ಬರಲಿಲ್ಲ. ಅಳುವ ಮೊದಲು ಅವಳಿಗೊಂದು ಕೆಲಸ ಬಾಕಿಯಿತ್ತು, ಗಂಡ ಒಪ್ಪಿಸಿ ಹೋದ ಕೆಲಸ. ಒಳಕೋಣೆಯ ಮಂಚದ ಮೇಲೆ ಅವನ ಅಕ್ಕ, ಎಲ್ಲರ ಬಾಯಲ್ಲೂ ದೊಡ್ಡಕ್ಕ, ಕೈಚೀಲ ಅವುಚಿಕೊಂಡು ಕುಳಿತಿದ್ದಳು. ಅವನು ಹಿಂದೆ ಕೊಟ್ಟಿದ್ದ ಮಾತ್ರೆಗಳು ಇನ್ನೂ ಅವಳ ಹತ್ತಿರ ಇವೆಯೇ ಎಂದು ತಿಳಿಯಬೇಕಿತ್ತು. ಇದ್ದರೆ ಕಿತ್ತುಕೊಂಡಾದರೂ ತರಬೇಕಿತ್ತು.

*

ಬೀದಿಯವರ ಎದೆಯುರಿಗೆಲ್ಲ ಅವನ ಹತ್ತಿರ ಒಂದೇ ಉತ್ತರವಿತ್ತು: ಗುಲಾಬಿ ಬಣ್ಣದ ಒಂದು ಮಾತ್ರೆ. ಮಾರಿದ್ದಕ್ಕಿಂತ ಸುಮ್ಮನೆ ಹಂಚಿದ್ದೇ ಹೆಚ್ಚು. ತಾನೂ ದಿನಾ ನುಂಗುತ್ತಿದ್ದ. ಹಾಗಾಗಿಯೇ ಅವನಿಗೆ ಮಾತ್ರೆ ಮಾವ ಎಂಬ ಹೆಸರು ಬಿದ್ದಿತ್ತು.

ಒಂದು ದಿನ ಕಂಪನಿಯಿಂದ ಸೂಚನೆ ಬಂತು. ಮಾತ್ರೆಯಲ್ಲಿ ಕ್ಯಾನ್ಸರ್ ತರಬಹುದಾದ ಕಲ್ಮಶ ಸೇರಿದೆ, ಇಟ್ಟಷ್ಟೂ ಅದು ಹೆಚ್ಚುತ್ತದೆ, ಅಂಗಡಿಯಲ್ಲಿರುವ ಸರಕನ್ನು ವಾಪಸ್ ಕಳಿಸಿ. ಜನರ ಮನೆಗಳಲ್ಲಿ ಉಳಿದದ್ದರ ಬಗ್ಗೆ ಕಂಪನಿ ತುಟಿ ಬಿಚ್ಚಿರಲಿಲ್ಲ.

ಅವನು ಬಟ್ಟೆಚೀಲ ಹಿಡಿದು ಮನೆಮನೆ ಹತ್ತಿ ಇಳಿದ. ಕೊಟ್ಟದ್ದನ್ನು ವಾಪಸ್ ಕೇಳುವ ಮನುಷ್ಯನನ್ನು ಕಂಡು ಜನ ನಕ್ಕರು. ದರ್ಜಿಯಂತೂ ಅರ್ಧ ಕೊಟ್ಟು ಅರ್ಧ ಮುಚ್ಚಿಟ್ಟಿದ್ದ. ಹೊಲಿಗೆ ಯಂತ್ರದ ಖಾನೆಯಿಂದ ಇವನೇ ಎಳೆದು ತೆಗೆದ. ದೊಡ್ಡಕ್ಕ ಮಾತ್ರ ಬಾಗಿಲಲ್ಲೇ, ಯಾವತ್ತೋ ಬಿಸಾಕಿದೆ ಎಂದು ಕೈ ಝಾಡಿಸಿಬಿಟ್ಟಳು.

ಮರುವರ್ಷ ಅವನ ಹೊಟ್ಟೆಯಲ್ಲೇ ಗಡ್ಡೆ ಕಂಡಿತು. ಮಾತ್ರೆಯಿಂದಲೇ ಎನ್ನಲಾಗದು, ಅಲ್ಲವೆನ್ನಲೂ ಆಗದು ಎಂದರು ಡಾಕ್ಟರು. ಅವನಿಗೆ ಗಡ್ಡೆಗಿಂತ ಅಕ್ಕನ ಚಿಂತೆಯೇ ದೊಡ್ಡದಾಯಿತು.

"ಅವಳು ಬಿಸಾಕೋಳಲ್ಲ ಕಣೆ. ತುಂಡು ದಾರಾನೂ ಎತ್ತಿಡ್ತಾಳೆ. ನಾನು ಹೋದ್ಮೇಲಾದ್ರೂ ನೀನು ಇಸ್ಕೊ."

ಇಸ್ಕೋತೀನಿ ಎಂದು ಅವಳು ಮಾತು ಕೊಟ್ಟಿದ್ದಳು.

*

ಅವಳು ಮಂಚದ ಮೇಲೆ ಒತ್ತಿಕೊಂಡು ಕುಳಿತಳು. ಪಕ್ಕದ ಕೋಣೆಯಲ್ಲಿ ನೆಂಟರು, ಮಾತ್ರೆ ಮಾವ ಸಣ್ಣ ಕೆಮ್ಮಿಗೂ ಹೇಗೆ ಓಡಿ ಬರುತ್ತಿದ್ದ ಎಂದು ಮೆಲುಕು ಹಾಕುತ್ತಿದ್ದರು.

"ದೊಡ್ಡಕ್ಕ, ಆ ಮಾತ್ರೆ ಇದ್ರೆ ಕೊಟ್ಬಿಡಿ. ಕೊನೇವರೆಗೂ ಅದನ್ನೇ ಕೇಳ್ತಿದ್ರು."

"ಇಲ್ಲ."

"ನಿಜ ಹೇಳಿ."

ದೊಡ್ಡಕ್ಕ ಚೀಲವನ್ನು ಇನ್ನಷ್ಟು ಬಿಗಿಯಾಗಿ ಅವುಚಿಕೊಂಡಳು. "ಅವನು ಬಂದಾಗ ಡಬ್ಬಿ ತುಂಬಾ ಇತ್ತು. ಸುಳ್ಳು ಹೇಳ್ದೆ. ಆಮೇಲೆ ಬಿಸಾಕೋಣ ಅಂತ ಹೋದ್ರೆ ಮನಸ್ಸೇ ಬರ್ಲಿಲ್ಲ. ತಮ್ಮ ಕೈಯಾರೆ ಕೊಟ್ಟಿದ್ದಲ್ವಾ? ದಿನಾ ಒಂದೊಂದು ತಗೊಂಡು ಮುಗಿಸ್ಬಿಟ್ಟೆ."

ಹೆಂಡತಿಗೆ ಸಿಟ್ಟು ನೆತ್ತಿಗೇರಿತು. ಈ ಮುದುಕಿಯ ಭುಜ ಹಿಡಿದು ಅಲುಗಾಡಿಸಬೇಕೆನಿಸಿತು. ಆಸ್ಪತ್ರೆಯ ಓಡಾಟದಲ್ಲಿ ನಾಳೆ ನಾಡಿದ್ದು ಎಂದು ಮುಂದೂಡಿದ ತನ್ನ ಮೇಲೂ ಅಷ್ಟೇ ಸಿಟ್ಟು ಬಂತು. ಆ ಸಿಟ್ಟಿನ ಹಿಂದೆಯೇ, ಬೆಳಿಗ್ಗೆಯಿಂದ ಬಾರದಿದ್ದ ಅಳು ಬಂತು.

ದೊಡ್ಡಕ್ಕ ಅವಳ ಬೆನ್ನು ಸವರಿದಳು. "ಮುಗಿದ್ಮೇಲೆ ಎದೆಯುರಿ ಮತ್ತೆ ಶುರುವಾಗಿದೆ ಕಣೆ," ಎಂದಳು. "ಇನ್ಮೇಲೆ ಯಾರನ್ನ ಕೇಳ್ಲಿ?"

ಹಾಗೆಂದು ಚೀಲದಿಂದ ಮಾತ್ರೆಯ ಖಾಲಿ ಪಟ್ಟಿಗಳ ಕಟ್ಟೊಂದನ್ನು ತೆಗೆದು ಅವಳ ಮಡಿಲಿಗೆ ಹಾಕಿದಳು. ಹೆಂಡತಿ ಒಂದನ್ನು ಮಗುಚಿ ನೋಡಿದಳು. ಬೆಳಿಗ್ಗೆ ತೆಗೆದುಕೊಳ್ಳಬೇಕೆಂದು ಅಕ್ಷರ ಬಾರದ ಅಕ್ಕನಿಗೆ ತಿಳಿಯಲೆಂದು, ಅವನು ಒಂದೊಂದು ಮಾತ್ರೆಯ ಬೆನ್ನಿನ ಬೆಳ್ಳಿಹಾಳೆಯ ಮೇಲೂ ನೀಲಿ ಪೆನ್ನಿನಲ್ಲಿ ಪುಟ್ಟ ಸೂರ್ಯನನ್ನು ಬರೆದಿದ್ದ. ಮಾತ್ರೆ ಹೊರಬಂದ ತೂತು ಒಂದೊಂದು ಸೂರ್ಯನನ್ನೂ ನಡುವೆಯೇ ಹರಿದಿತ್ತು.