ಗಬ್ಬದ ಕುರಿಗೆ ಹಿಂಡಿ

ಏಳನೇ ತಿಂಗಳು ಬಿದ್ದ ಕೂಡಲೇ ಬಸುರಿಯ ಬಾಯಿ ಕಟ್ಟುವುದು ನಮ್ಮ ಮನೆಯ ಪದ್ಧತಿ. ಬೆಳಿಗ್ಗೆ ಅರ್ಧ ಊಟ, ಸಂಜೆ ಅರ್ಧ ಊಟ, ನಡುವೆ ಬೇಕಾದಷ್ಟು ನೀರು. ಮಗು ಸಣ್ಣದಾಗಿದ್ದರೆ ಹೆರಿಗೆ ಸಲೀಸು ಎಂದು ನಮ್ಮತ್ತೆ ಹೇಳುತ್ತಾರೆ, ಅವರ ಅತ್ತೆಯೂ ಹಾಗೇ ಹೇಳಿದ್ದರಂತೆ. ಕೊಟ್ಟಿಗೆಯ ಗಬ್ಬದ ಕುರಿಗಳಿಗೂ ಇದೇ ಕಾನೂನು, ಕೊನೆಯ ಎರಡು ತಿಂಗಳು ಬರೀ ಒಣಹುಲ್ಲು. ನಾನೂ ಹಾಗೇ ಹೆತ್ತವಳು. ಈಗ ನನ್ನ ಸೊಸೆಗೆ ಏಳು ತುಂಬಿತ್ತು, ಸೌಟು ನನ್ನ ಕೈಯಲ್ಲಿತ್ತು. ಅರ್ಧ ತಟ್ಟೆ ಮುಂದಿಟ್ಟರೂ ಹುಡುಗಿ ತುಟಿ ಬಿಚ್ಚುತ್ತಿರಲಿಲ್ಲ. ಒಳ್ಳೇ ಸೊಸೆ ಸಿಕ್ಕಳು ಎಂದು ಬೀಗುತ್ತಿದ್ದೆ.

ಅಷ್ಟರಲ್ಲಿ ಕುರಿ ಡಾಕ್ಟರಮ್ಮ ಬಂದು ನನ್ನ ನೆಮ್ಮದಿಗೆ ಕಲ್ಲು ಹಾಕಿದಳು. ಈಯುವ ಮೊದಲಿನ ಎರಡು ತಿಂಗಳೇ ಕುರಿಗೆ ಹೆಚ್ಚು ತಿನ್ನಿಸಬೇಕಂತೆ. ಹುಲ್ಲಿನ ಜೊತೆಗೆ ಒಣಗಿಸಿದ ಹಿಪ್ಪುನೇರಳೆ ಸೊಪ್ಪು, ಸೂರ್ಯಕಾಂತಿ ಹಿಂಡಿ, ಮೇಲೊಂದು ಚಿಟಿಕೆ ಖನಿಜದ ಪುಡಿ. ನಮ್ಮತ್ತೆ ಗೋಡೆಗೆ ಮುಖ ತಿರುಗಿಸಿ, ನಿನ್ನೆ ಮೊನ್ನೆ ಹುಟ್ಟಿದವಳು ನಮಗೆ ಕುರಿ ಸಾಕೋದು ಕಲಿಸ್ತಾಳೆ ಎಂದು ಗೊಣಗಿದರು. ನನ್ನ ಗಂಡನದು ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿ. ಕೊಟ್ಟಿಗೆಯ ನಡುವೆ ಹಲಗೆ ಹೊಡೆದು, ಆ ಕಡೆ ಹನ್ನೆರಡು ಕುರಿ ಡಾಕ್ಟರಮ್ಮನಿಗೆ, ಈ ಕಡೆ ಹನ್ನೆರಡು ಅಮ್ಮನಿಗೆ ಎಂದು ಹಂಚಿಬಿಟ್ಟರು. ವಾರಕ್ಕೊಮ್ಮೆ ತೂಗುವುದು. ನನಗೆ ಸೊಂಟನೋವು, ಹಾಗಾಗಿ ಬಕೀಟಿನಲ್ಲಿ ಹಿಂಡಿ ನೆನೆಸಿ ಕಲಸಿಕೊಡುವ ಕೆಲಸ ಸೊಸೆಯ ಪಾಲಿಗೆ ಬಂತು.

ನನ್ನ ತಲೆ ಕೆಟ್ಟಿದ್ದು ಅಲ್ಲಿಂದಲೇ. ಹಿಂಡಿ ತಿಂದವುಗಳ ತುಪ್ಪಟ ಹೊಳೆಯತೊಡಗಿತು, ತೂಕ ಏರಿತು. ಮರಿ ದೊಡ್ಡದಾಗಿ ಸಿಕ್ಕಿಕೊಳ್ಳುತ್ತದೆ ನೋಡ್ತಿರು ಎಂದು ಅತ್ತೆ ಹೇಳಿದ್ದರು. ಮರಿ ದೊಡ್ಡದೇ ಆಯಿತು, ಆದರೆ ಸಲೀಸಾಗಿ ಹೊರಗೆ ಬಂದು, ಒದ್ದಾಡಿ ಎದ್ದು ಕೆಚ್ಚಲಿಗೆ ಬಾಯಿ ಹಾಕಿತು. ಹುಲ್ಲಿನ ಕಡೆಯ ದೊಡ್ಡ ಹೊಟ್ಟೆಯ ಕುರಿಯೊಂದು ಮಾತ್ರ ಮಂದೆ ಬಿಟ್ಟು ಒಂಟಿಯಾಗಿ ನಿಂತು, ಗೋಡೆಗೆ ಹಣೆ ಒತ್ತಿ ಹಲ್ಲು ಕಡಿಯತೊಡಗಿತು. ಮುಂದಿದ್ದ ನೀರಿನ ತೊಟ್ಟಿಯೂ ಅದಕ್ಕೆ ಕಾಣುತ್ತಿರಲಿಲ್ಲ. ಡಾಕ್ಟರಮ್ಮ ಬಂದು ಔಷಧಿ ಕುಡಿಸಿದರೂ ಮೂರನೇ ದಿನ ಸತ್ತೇ ಹೋಯಿತು. ಹೊಟ್ಟೆಯಲ್ಲಿ ಎರಡು ಮರಿ. ಕೊನೆಯ ವಾರಗಳಲ್ಲೇ ಮರಿ ಬೆಳೆಯುವುದು, ತಾಯಿಗೆ ಮೇವು ಸಾಲದಿದ್ದರೆ ತನ್ನ ಮೈಯ ಕೊಬ್ಬನ್ನೇ ಕರಗಿಸುತ್ತಾಳೆ, ಆಗ ರಕ್ತವೇ ವಿಷವಾಗುತ್ತದೆ ಎಂದಳು ಡಾಕ್ಟರಮ್ಮ. ದೃಷ್ಟಿ ತಾಗಿತು ಎಂದರು ಅತ್ತೆ. ಯಾರು ಮಾತಾಡುತ್ತಾರೋ ಅವರದೇ ಸರಿ ಅನ್ನಿಸಿ ನನ್ನ ತಲೆ ಮೊಸರುಗಡಿಗೆಯಾಯಿತು.

ಹೊರಟ ಡಾಕ್ಟರಮ್ಮನನ್ನು ಬಾಗಿಲಲ್ಲಿ ತಡೆದು, ಕುರಿ ಬೇರೆ ಹೆಂಗಸು ಬೇರೆ ಅಲ್ಲವೇ ಎಂದು ಕೇಳಿದೆ. ಯಾಕೆ ಕೇಳಿದೆನೋ ನನಗೇ ಗೊತ್ತಿಲ್ಲ.

"ಹೆಂಗಸರ ವಿಷಯ ಆಸ್ಪತ್ರೇಲಿ ಕೇಳಿ ಅಮ್ಮ, ನಾನು ಕುರಿ ಡಾಕ್ಟರು," ಎಂದಳು. "ಆದ್ರೆ ಯಾವ ತಾಯಿಗೂ ಗಾಳಿ ಕುಡಿದು ಮಗು ಬೆಳೆಸೋಕೆ ಆಗಲ್ಲ."

ಆಸ್ಪತ್ರೆಗೆ ಹೋಗಿ ಕೇಳಲಿಲ್ಲ. ಸೊಸೆಗೆ ಆ ಸಂಜೆ ಬಡಿಸಿದ್ದೂ ಅರ್ಧವೇ.

ಇದರ ನಡುವೆ ಇನ್ನೊಂದು ತಕರಾರು. ಹದಿನೈದು ದಿನಕ್ಕೆಂದು ಅಳೆದು ತಂದ ಹಿಂಡಿಯ ಚೀಲ ಪ್ರತಿ ಸಲವೂ ಒಂದು ದಿನ ಮೊದಲೇ ಖಾಲಿಯಾಗುತ್ತಿತ್ತು. ಕುರಿಗಳು ಕದಿಯಲಾರವು, ಇನ್ನುಳಿದದ್ದು ಇಲಿ. ಪಾಷಾಣ ತರಿಸಿ, ಹಿಂಡಿಯಲ್ಲೇ ಬೆರೆಸಿ, ಬಕೀಟಿನ ಪಕ್ಕದಲ್ಲಿ ಚೂರುಚೂರಾಗಿ ಉದುರಿಸಲು ಹೋದೆ. ಸೊಸೆ ಬಂದಳು. ನಾಳೆಗೆ ಇಲಿಗಳ ಕಥೆ ಮುಗೀತು ನೋಡು ಎಂದು ನಾನು ಹಿಗ್ಗಿನಿಂದಲೇ ಹೇಳಿದೆ. ಅವಳು ನನ್ನ ಮಣಿಕಟ್ಟು ಹಿಡಿದುಕೊಂಡಳು.

"ಇಡಬೇಡಿ ಅತ್ತೆ. ಇಲಿ ಇಲ್ಲ. ತಿಂತಿರೋದು ನಾನು."

ಏನು ತಿನ್ನುತ್ತೀ ಎಂದೆ. ನಿಜವಾಗಿಯೂ ತಿಳಿಯಲಿಲ್ಲ.

"ಹಿಂಡಿ. ದಿನಾ ಎರಡು ಹಿಡಿ. ನೆನೆದ್ರೆ ಮೆತ್ತಗಾಗುತ್ತೆ."

ಕೈಯಲ್ಲಿ ಪಾಷಾಣ, ಎದುರಿಗೆ ಅವಳ ಹೊಟ್ಟೆ. ಅವಳು ಒಂದು ಗಳಿಗೆ ತಡವಾಗಿ ಬಂದಿದ್ದರೆ? ತೋಟದ ಮೂಲೆಯಲ್ಲಿ ಗುಂಡಿ ತೋಡಿ ಅಷ್ಟನ್ನೂ ಹೂತು, ಮೊಣಕೈವರೆಗೆ ತೊಳೆದೆ, ಮತ್ತೆ ತೊಳೆದೆ. ಆಮೇಲೆ ಬಂದದ್ದು ಸಿಟ್ಟು, ಸುಳ್ಳೇಕೆ ಹೇಳಲಿ. ನಮ್ಮ ಮನೆ ಸೊಸೆ ಕುರಿಯ ಮೇವು ತಿಂದಳೆಂದು ಗೊತ್ತಾದರೆ ಜನ ಏನಂದಾರು ಎಂದು ಕೂಗಾಡಿದೆ.

"ಹೇಳಿ ಅತ್ತೆ, ಎಲ್ರಿಗೂ ಹೇಳಿ," ಎಂದಳು. ದನಿ ಏರಿಸಲಿಲ್ಲ. "ಹಸಿವಾಗಿತ್ತು ಅಂತಾನೂ ಹೇಳಿ. ಇವತ್ತಿಂದ ಹೊಟ್ಟೆ ತುಂಬ ಉಣ್ತೀನಿ. ನೀವು ಬಡಿಸದಿದ್ರೆ ನಾನೇ ಬಡಿಸ್ಕೋತೀನಿ."

ಹೇಳಿದಂತೆಯೇ ಮಾಡಿದಳು. ಆ ಸಂಜೆ ಅಡುಗೆಮನೆಯ ನಡುವೆ ಕೂತು, ಸೌಟು ತಾನೇ ತೆಗೆದುಕೊಂಡು, ತಟ್ಟೆ ತುಂಬ ಹಾಕಿಕೊಂಡಳು. ಅತ್ತೆ ಹೌಹಾರಿದರು. ಮಗು ದಪ್ಪವಾದರೆ ತಾಯಿಯೂ ಉಳಿಯಲ್ಲ ಮಗೂನೂ ಉಳಿಯಲ್ಲ ಎಂದು ಒಂದೇ ಸಮನೆ ಬಡಬಡಿಸಿದರು. ಅವರು ಕೆಟ್ಟವರಲ್ಲ. ನಿಜವಾಗಿಯೂ ಹೆದರಿದ್ದರು. ಸೌಟು ಕಿತ್ಕೋ ಎಂದು ನನಗೆ ಕಣ್ಣಲ್ಲೇ ಹೇಳಿದರು.

ನಾನು ಏಳಲಿಲ್ಲ. ನಾನು ಹೆತ್ತದ್ದು ಮೂರು, ಉಳಿದದ್ದು ಒಂದು. ಹೋದ ಎರಡೂ ಅಂಗೈಯಗಲದ ಕೂಸುಗಳು, ಮೊಲೆ ಚೀಪಲೂ ಶಕ್ತಿಯಿರಲಿಲ್ಲ. ಹಣೆಬರಹ ಅಂದಿದ್ದರು, ನಾನೂ ಹೌದು ಅಂದಿದ್ದೆ. ಇಪ್ಪತ್ತು ವರ್ಷ ಕೇಳದೆ ಇದ್ದದ್ದನ್ನು ಅಂದು ಕೇಳಿಬಿಟ್ಟೆ.

"ಅತ್ತೆ, ನನ್ನ ಮಕ್ಕಳು ಹೋಗಿದ್ದು ಹಣೆಬರಹದಿಂದಾನಾ, ಹಸಿವಿನಿಂದಾನಾ?"

 ಅವರು ಸೊಸೆಯ ತಟ್ಟೆಯನ್ನು ನೋಡಿದರು. ಆಮೇಲೆ ನನ್ನನ್ನೇ ಕೇಳಿದರು, ನನಗೆ ಗೊತ್ತಿರಬೇಕು ಎನ್ನುವಂತೆ:

"ಹಾಗಾದ್ರೆ ಹೋದ ನನ್ನ ಐದು ಕೂಸು?"

ಹೋಗಿ ಅವರ ಪಕ್ಕದಲ್ಲಿ ಕೂತೆ. ಸೊಸೆ ಇನ್ನೊಂದು ಸಲ ಬಡಿಸಿಕೊಂಡಳು.