ಮುಗಿಯಬಾರದ ಕುರ್ಚಿ

ಗುರು ಸಿಗುವುದು ಪುಣ್ಯ ಎಂದು ಹಿರಿಯರು ಹೇಳುತ್ತಾರೆ. ಶಿಷ್ಯರು ಸಿಗುವುದು ಅದಕ್ಕಿಂತ ದೊಡ್ಡ ಪುಣ್ಯ ಎಂದು ಯಾರೂ ಹೇಳಿದ್ದಿಲ್ಲ. ಗಾದೆ ಕಟ್ಟುವ ಕೆಲಸ ಮೊದಲಿನಿಂದಲೂ ಗುರುಗಳ ಕೈಯಲ್ಲೇ ಇತ್ತಲ್ಲ.

ಬೆತ್ತದಜ್ಜನಿಗೆ ಮಾತ್ರ ಆ ಪುಣ್ಯದ ತೂಕ ಗೊತ್ತಿತ್ತು. ಹಳೆಯ ಕುರ್ಚಿಗಳಿಗೆ ಬೆತ್ತದ ಎಳೆಗಳಿಂದ ಹೊಸ ಆಸನ ಹೆಣೆಯುವುದು ಅವನ ಕಸುಬು. ಅಂಗಡಿಯಲ್ಲಿ ಎರಡು ಮೋಟು ಸ್ಟೂಲುಗಳಿದ್ದವು. ಒಂದು ಅವನದು, ಇನ್ನೊಂದು ಕಲಿಯಲು ಬರುವವರದು. ಬಂದವರು ಮೂವರು. ಮೊದಲಿನವನು ಒಂದು ತಿಂಗಳು ನಿಂತ, ಎರಡನೆಯವನು ಒಂದು ವಾರ. ಮೂರನೆಯವನು ಮೂರನೆಯ ದಿನ ನೀರು ಕುಡಿದು ಬರುತ್ತೇನೆಂದು ಹೋದವನು ಇನ್ನೂ ಕುಡಿಯುತ್ತಲೇ ಇದ್ದಾನೆ. ಅವನ ಟೋಪಿ ಮೊಳೆಯ ಮೇಲೆ ಹಾಗೇ ಇತ್ತು. ಅಜ್ಜ ವಾರಕ್ಕೊಮ್ಮೆ ಅದರ ಧೂಳು ಕೊಡವಿ ಮತ್ತೆ ಅಲ್ಲೇ ತೂಗುಹಾಕುತ್ತಿದ್ದ.

ನಾಲ್ಕನೆಯವಳನ್ನು ಕಳಿಸಿದ್ದು ಯುವಜನ ಕೇಂದ್ರ. ಹದಿನೇಳರ ಹುಡುಗಿ, ಶಾಲೆ ಬಿಟ್ಟವಳು, ಕೋಪ ಮೂಗಿನ ತುದಿಯಲ್ಲೇ ಕೂತಿರುತ್ತಿತ್ತು. ಕೇಂದ್ರದಲ್ಲಿ ಎಲ್ಲರೂ ಅವಳನ್ನು ಮುಳ್ಳು ಎಂದೇ ಕರೆಯುತ್ತಿದ್ದರು. ಅವಳೂ ಇಬ್ಬರು ಮಾರ್ಗದರ್ಶಕರನ್ನು ಕಂಡಾಗಿತ್ತು. ಫೋಟೋ ಸ್ಟುಡಿಯೋದವನು ದಿನಕ್ಕೊಂದು ಗಂಟೆ ಶಿಸ್ತಿನ ಬಗ್ಗೆ ಕೊರೆದಿದ್ದ. ಬೇಕರಿಯ ಅಕ್ಕ ಇವಳ ಮುಖ ಕಂಡಾಗಲೆಲ್ಲ ಅಯ್ಯೋ ಪಾಪ ಎಂದು ಕಣ್ಣೊರೆಸಿಕೊಳ್ಳುತ್ತಿದ್ದಳು. ಬೆತ್ತದಜ್ಜ ಮಾತ್ರ ಮೊದಲ ದಿನ ಏನನ್ನೂ ಕೇಳಲಿಲ್ಲ. ಕುರ್ಚಿಯ ಚೌಕಟ್ಟನ್ನು ಕಣ್ಣಿಗೊತ್ತಿಕೊಂಡು, ‘ದೇವರೇ, ಇವತ್ತಿನ ಎಳೆ ಇವತ್ತು ನೀನೇ ಹಿಡಿ’ ಎಂದು ಗೊಣಗಿ, ಬೆತ್ತ ನೆನೆಹಾಕಿದ ಬಕೆಟ್ಟನ್ನು ಅವಳ ಕಡೆ ಕಾಲಿನಿಂದ ತಳ್ಳಿದ. ಮುಳ್ಳಿಗೆ ಅಷ್ಟೇ ಸಾಕಾಯಿತು. ಇಲ್ಲಿಂದ ತನ್ನನ್ನು ಯಾರೂ ಎಬ್ಬಿಸದಿರಲಿ ಎಂದುಕೊಂಡಳು. ಅಜ್ಜನೂ, ಇವಳಾದರೂ ಮೊಳೆಗೆ ಇನ್ನೊಂದು ಟೋಪಿ ಬಿಟ್ಟು ಹೋಗದಿರಲಿ ಎಂದು ಬೇಡಿಕೊಂಡ.

ಆದರೆ ಕೇಂದ್ರಕ್ಕೆ ಒಬ್ಬರು ಮೇಡಂ ಇದ್ದರು. ಹಿರಿಯರನ್ನೂ ಕಿರಿಯರನ್ನೂ ಬೆಸೆಯುವುದು ಹೇಗೆಂದು ಹದಿನೈದು ದಿನ ತರಬೇತಿ ಪಡೆದು, ಇಟ್ಟಿಗೆಯಷ್ಟು ದಪ್ಪದ ಪುಸ್ತಕದೊಂದಿಗೆ ಮರಳಿದ್ದರು. ಸಂಬಂಧ ಗಟ್ಟಿಯಾಗಬೇಕಾದರೆ ಯಾರ ಮನಸ್ಸೂ ನೋಯಬಾರದು ಎಂಬುದು ಆ ಪುಸ್ತಕದ ಸಾರ. ಅದಕ್ಕಾಗಿ ಅವರು ಅಜ್ಜನನ್ನು ಪಕ್ಕಕ್ಕೆ ಕರೆದು, ಹುಡುಗಿಗೆ ಹಿಂದೆ ಮುಂದೆ ಯಾರೂ ಇಲ್ಲ, ತಪ್ಪು ಮಾಡಿದರೂ ತಪ್ಪು ಎನ್ನಬೇಡಿ, ಭೇಷ್ ಎನ್ನಿ ಎಂದಿದ್ದರು. ಆಮೇಲೆ ಹುಡುಗಿಯನ್ನು ಇನ್ನೊಂದು ಪಕ್ಕಕ್ಕೆ ಕರೆದು, ಅಜ್ಜನಿಗೆ ಕಣ್ಣು ಮಂಜಾಗಿದೆ, ಹೇಳಿದರೆ ಕುಸಿದುಹೋಗುತ್ತಾರೆ, ಏನೂ ಕಾಣದವಳಂತೆ ಇರು ಎಂದಿದ್ದರು. ಇಬ್ಬರ ಕೈಗೂ ಒಂದೇ ಕುರ್ಚಿ ಕೊಟ್ಟು ಹೋದರು.

ಬೆತ್ತದ ಆಸನವೆಂದರೆ ಸುಮ್ಮನಲ್ಲ. ಚೌಕಟ್ಟಿನ ಸುತ್ತ ತೂತುಗಳು. ತೂತಿನಿಂದ ತೂತಿಗೆ ಉದ್ದಕ್ಕೆ, ಅಡ್ಡಕ್ಕೆ, ಆಮೇಲೆ ಓರೆಯಾಗಿ ಎಳೆ ಹಾಯಬೇಕು. ಜಾರದಂತೆ ತೂತಿಗೊಂದು ಮರದ ಬೆಣೆ ಸಿಕ್ಕಿಸಬೇಕು. ನಡುವೆ ಒಂದು ಎಳೆ ತಪ್ಪಿದರೆ ಅಲ್ಲಿಯವರೆಗೆ ಬಿಚ್ಚದೆ ಗತಿಯಿಲ್ಲ. ಮುಳ್ಳು ಎಳೆಯನ್ನು ವೈರಿಯ ಜುಟ್ಟು ಹಿಡಿದಂತೆ ಬಿಗಿಯಾಗಿ ಎಳೆಯುತ್ತಿದ್ದಳು. ಅಜ್ಜನೋ ಮೇಲೆ ಹಾಯಬೇಕಾದ ಎಳೆಯನ್ನು ಕೆಳಗೆ ಹಾಯಿಸುತ್ತಿದ್ದ.

ಅಜ್ಜ ಭೇಷ್ ಎನ್ನುತ್ತಿದ್ದ. ಹುಡುಗಿ ಚೆನ್ನಾಗಿದೆ ಎನ್ನುತ್ತಿದ್ದಳು. ನಾಲ್ಕು ಗಂಟೆಗೆ ಅವಳು ಹೊರಟ ಮೇಲೆ ಅಜ್ಜ ಬೆಣೆ ಕಿತ್ತು, ಬಿಗಿಯಾದುದನ್ನೆಲ್ಲ ಬಿಚ್ಚಿ, ಮರುಹೆಣೆಯುತ್ತಿದ್ದ. ಮರುದಿನ ಊಟವಾಗಿ ಅಜ್ಜನ ಗೊರಕೆ ಶುರುವಾಗುತ್ತಲೇ ಅವಳು ಬೆಣೆ ಕಿತ್ತು, ಅವನು ತಪ್ಪಿಸಿದ್ದನ್ನೆಲ್ಲ ಬಿಚ್ಚಿ, ಬಿಗಿಯಾಗಿ ಹೆಣೆಯುತ್ತಿದ್ದಳು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಇಲ್ಲಿ ಕುಂಬಾರರೂ ಅವರೇ, ದೊಣ್ಣೆಗಳೂ ಅವರೇ. ಪ್ರತಿದಿನ ಕುರ್ಚಿ ಹಿಂದಿನ ದಿನ ಎಲ್ಲಿತ್ತೋ ಅಲ್ಲೇ ಇರುತ್ತಿತ್ತು. ವಯಸ್ಸಾಯಿತು, ಲೆಕ್ಕ ತಪ್ಪುತ್ತಿದೆ ಎಂದು ಅಜ್ಜ ಅಂದುಕೊಂಡ. ನನ್ನ ಕೈಗುಣವೇ ಇಷ್ಟು ಎಂದು ಅವಳು ಅಂದುಕೊಂಡಳು. ಇಬ್ಬರೂ ನಗುನಗುತ್ತ ಇದ್ದರು, ನೆಂಟರ ಮನೆಯಲ್ಲಿ ಉಪ್ಪಿಲ್ಲದ ಸಾರು ಉಣ್ಣುವವರ ಹಾಗೆ.

ಎರಡು ತಿಂಗಳಾದ ಮೇಲೆ ಮೇಡಂ ಬಂದರು. ಅವರ ಫಾರಂನಲ್ಲಿ ಮೂರು ಚೌಕಗಳಿದ್ದವು: ವಿಫಲ, ಪ್ರಗತಿಯಲ್ಲಿದೆ, ಪೂರ್ಣ. ಅವರು ಕುರ್ಚಿಯನ್ನು ನೋಡಿದರು, ನಿಟ್ಟುಸಿರು ಬಿಟ್ಟರು. ಇನ್ನು ಹದಿನೈದು ದಿನದಲ್ಲಿ ಏನೂ ಕಾಣದಿದ್ದರೆ ವಿಫಲ ಎಂದು ಬರೆದು ಹುಡುಗಿಯನ್ನು ಬೇರೆ ಕಡೆ ಕಳಿಸಬೇಕಾಗುತ್ತದೆ ಎಂದು ಮೆತ್ತಗೆ, ಯಾರ ಮನಸ್ಸೂ ನೋಯದಂತೆ ಹೇಳಿ ಹೋದರು.

ಅಂದು ಮಧ್ಯಾಹ್ನ ಅಜ್ಜನಿಗೆ ನಿದ್ದೆ ಹತ್ತಲಿಲ್ಲ. ಕಣ್ಣು ಮುಚ್ಚಿ ಮಲಗಿದ್ದವನಿಗೆ ಟಕ್ ಟಕ್ ಎಂದು ಬೆಣೆ ಕೀಳುವ ಸದ್ದು ಕೇಳಿಸಿತು.

“ಏನು ಮಾಡ್ತಿದ್ದೀಯ?”

ಅವಳು ಬೆಚ್ಚಿದಳು. ಆದರೆ ಕೈಯಲ್ಲಿ ಬೆಣೆ ಹಿಡಿದು ಸುಳ್ಳು ಹೇಳುವುದು ಕಷ್ಟ. “ನೀವು ಮಾಡಿದ್ದನ್ನ ಸರಿ ಮಾಡ್ತಿದ್ದೀನಿ.”

“ನಾನು ಮಾಡಿದ್ದು ನೀನು ಮಾಡಿದ್ದನ್ನ ಸರಿ ಮಾಡಿದ್ದು.”

ಒಂದು ಗಳಿಗೆ ಇಬ್ಬರೂ ಕುರ್ಚಿಯ ಕಡೆ ನೋಡಿದರು. ಎರಡು ತಿಂಗಳು ತಮ್ಮಿಬ್ಬರನ್ನೂ ಸಹಿಸಿಕೊಂಡಿದ್ದು ಅದೊಂದೇ.

“ನಿಮಗೆ ಕಣ್ಣು ಕಾಣಲ್ಲ ಅಂತ ಹೇಳಬಾರದು ಅಂದ್ರು ಮೇಡಂ. ಹೇಳಿದ್ರೆ ನೀವು ಕುಸಿದುಹೋಗ್ತೀರಂತೆ.”

“ನಿನಗೆ ಯಾರೂ ಇಲ್ಲ, ಬೈಬೇಡಿ ಅಂದ್ರು ನನಗೆ.”

“ಯಾರೂ ಇಲ್ವಾ? ಅಜ್ಜ, ಮನೇಲಿ ಅಮ್ಮ, ಚಿಕ್ಕಮ್ಮ, ನಾಲ್ಕು ಜನ ತಮ್ಮಂದಿರು. ಒಂದು ನಿಮಿಷ ಒಬ್ಬಳೇ ಕೂರೋಣ ಅಂದ್ರೆ ಜಾಗ ಇಲ್ಲ. ಅದಕ್ಕೇ ಅಲ್ವಾ ಇಲ್ಲಿಗೆ ಬರೋದು?”

ಅಜ್ಜ ಎದ್ದು ಕೂತು ಮುಖ ಒರೆಸಿಕೊಂಡ. ಎರಡು ತಿಂಗಳ ಭೇಷ್‌ಗಳೆಲ್ಲ ಅವನ ಗಂಟಲಲ್ಲಿ ಕಡುಬಿನಂತೆ ಸಿಕ್ಕಿಕೊಂಡಿದ್ದವು. ಈಗ ಒಂದೇ ಸಲಕ್ಕೆ ಸಡಿಲವಾದವು.

“ಹಾಗಾದ್ರೆ ಕೇಳು ತಾಯಿ. ಬೆತ್ತ ಏನು ನಿನ್ನ ಸವತೀನಾ, ಹಾಗೆ ಎಳೀತೀಯಲ್ಲ? ಕೈಯೋ ಇಕ್ಕಳವೋ ಅದು?”

“ನೀವು ಮಾತ್ರ ಕಡಿಮೇನಾ? ಮೇಲಿನದು ಕೆಳಗೆ, ಕೆಳಗಿನದು ಮೇಲೆ. ಕುರ್ಚಿ ಹೆಣೀತೀರೋ ಬಲೆ ಹೆಣೀತೀರೋ?”

ಹೊಗಳಿಕೆಯಿಂದ ಆಗದ ಕೆಲಸ ಬೈಗುಳದಿಂದ ಶುರುವಾಯಿತು. ಚೌಕಟ್ಟನ್ನು ಎತ್ತರಕ್ಕಿಟ್ಟು ಅವಳು ಮೇಲೆ ಕೂತಳು, ಅವನು ಕೆಳಗೆ. ದಾರಿ ಅವಳ ಕಣ್ಣಿನದು, ಬಿಗಿ ಅವನ ಬೆರಳಿನದು. ಸಡಿಲ ಬಿಡು ಮುಳ್ಳೇ ಎಂದು ಅವನು, ಎಡಕ್ಕೆ ಅಜ್ಜ, ನಿಮ್ಮ ಎಡಕ್ಕಲ್ಲ ನನ್ನ ಎಡಕ್ಕೆ ಎಂದು ಅವಳು. ಬೆಳಗಿನಿಂದ ಸಂಜೆಯವರೆಗೆ ಇದೇ ಮಂತ್ರಪಾರಾಯಣ. ಪಕ್ಕದ ಅಂಗಡಿಯ ಬೀಗ ರಿಪೇರಿಯವನಿಗೆ ಗಾಬರಿಯಾಗಿ, ಅಜ್ಜನೂ ಹುಡುಗಿಯೂ ಹಾವು ಮುಂಗುಸಿಯಂತಾಗಿದ್ದಾರೆ ಎಂದು ಕೇಂದ್ರಕ್ಕೆ ಸುದ್ದಿ ಮುಟ್ಟಿಸಿದ.

ಒಂಬತ್ತನೆಯ ದಿನ ಕುರ್ಚಿ ಮುಗಿಯಿತು. ಅಂದೇ ಮೇಡಂ ಓಡಿಬಂದರು. ಹಾವು ಮುಂಗುಸಿ ಎಲ್ಲೂ ಕಾಣಲಿಲ್ಲ. ಇಬ್ಬರೂ ತಮ್ಮ ತಮ್ಮ ಸ್ಟೂಲಿನಲ್ಲಿದ್ದರು, ನಡುವೆ ಜೇನುಗೂಡಿನಂಥ ಆಸನ ಹೊಳೆಯುತ್ತಿತ್ತು. ಮೇಡಂ ಅದರ ಮೇಲೆ ಕೂತು ಕಣ್ಣು ತುಂಬಿಕೊಂಡರು. ಪುಸ್ತಕದಲ್ಲಿ ಹೇಳಿದ್ದು ಅಕ್ಷರಶಃ ನಿಜವಾಯಿತು, ಯಾರ ಮನಸ್ಸನ್ನೂ ನೋಯಿಸದಿದ್ದರೆ ಸಂಬಂಧ ಹೀಗೇ ಗಟ್ಟಿಯಾಗುತ್ತದೆ ಎಂದರು. ಪೆನ್ನು ತೆಗೆದು ಪೂರ್ಣ ಎಂಬ ಚೌಕದ ಮೇಲಿಟ್ಟರು. ಸಂಬಂಧ ಗಟ್ಟಿಯಾದುದರಿಂದ ಹುಡುಗಿಯನ್ನು ಸೋಮವಾರದಿಂದ ಗಡಿಯಾರ ರಿಪೇರಿಯವರ ಬಳಿ ಕಳಿಸುತ್ತೇವೆ, ಅಲ್ಲಿಯೂ ಇಂಥದೇ ಒಂದನ್ನು ಕಟ್ಟಲಿ ಎಂದರು.

ಹುಡುಗಿ ಬಕೆಟ್ಟಿನ ನೀರನ್ನೇ ನೋಡುತ್ತ ಕೂತಳು. ಅಜ್ಜ ಮೊಳೆಯ ಮೇಲಿನ ಟೋಪಿಯನ್ನು ನೋಡಿದ.

“ಒಂದು ನಿಮಿಷ ಎದ್ದೇಳಿ ತಾಯಿ” ಎಂದ. ಮೇಡಂ ಎದ್ದರು. ಅಜ್ಜ ಆಸನದ ಕೆಳಗೆ ಕೈಹಾಕಿ ಹೆಬ್ಬೆರಳನ್ನು ನಿಧಾನವಾಗಿ ಆಡಿಸಿದ. ವೈದ್ಯರು ನಾಡಿ ಹಿಡಿದಂತಿತ್ತು. “ಒಂದು ಎಳೆ ಸಡಿಲ ಇದೆ.”

ಹುಡುಗಿ ಬಗ್ಗಿ ನೋಡಿದಳು. ತುಂಬ ಹೊತ್ತು ನೋಡಿದಳು. “ಒಂದಲ್ಲ ಅಜ್ಜ, ನಾಲ್ಕು” ಎಂದಳು.

“ನಾಲ್ಕಾದ್ರೆ ಓರೆ ಎಳೆ ಪೂರ್ತಿ ಬಿಚ್ಚಬೇಕು.”

“ಬಿಚ್ಚಲೇಬೇಕು.”

ಕೂತಾಗ ಗಟ್ಟಿಯಾಗಿಯೇ ಇತ್ತಲ್ಲ ಎಂದು ಮೇಡಂಗೆ ಅನ್ನಿಸಿರಬಹುದು. ಆದರೆ ಸಂಶಯ ಪಟ್ಟರೆ ಮನಸ್ಸು ನೋಯುತ್ತದೆ ಎಂದು ಅವರ ಪುಸ್ತಕವೇ ಹೇಳಿತ್ತು. ಪೆನ್ನನ್ನು ಒಂದು ಚೌಕ ಹಿಂದಕ್ಕೆ ಸರಿಸಿ, ಪ್ರಗತಿಯಲ್ಲಿದೆ ಎಂಬಲ್ಲಿ ಗುರುತು ಹಾಕಿ, ಇಬ್ಬರಿಗೂ ಭೇಷ್ ಹೇಳಿ ಹೊರಟರು.

ಅಜ್ಜ ದೇವರಿಗೆ ಅಂಜುವವನು. ಸುಳ್ಳು ಹೇಳಿ ಮನೆಗೆ ಹೋಗುವುದು ಅವನಿಗೆ ಒಗ್ಗಲಿಲ್ಲ. ಮೇಡಂ ತಿರುವು ದಾಟುವವರೆಗೆ ಕಾದು, ಚೌಕಟ್ಟನ್ನು ಕಣ್ಣಿಗೊತ್ತಿಕೊಂಡು, ಮೊದಲ ಬೆಣೆ ಕಿತ್ತು ಒಂದು ಎಳೆಯನ್ನು ಸಡಿಲಿಸಿದ. ಉಳಿದ ಮೂರು ಹುಡುಗಿಯ ಪಾಲಿನ ಸತ್ಯ. ಬೆಣೆ ಕೀಳುತ್ತಿದ್ದ ಅವಳ ಕೈ ನೋಡಿ ಅಜ್ಜ, ಮೆಲ್ಲಗೆ ಮುಳ್ಳೇ, ಎಳೆ ಮುರಿದೀತು ಎಂದು ಬೈದ.