ಮಡಕೆಗೆ ಬಿದ್ದ ಮೂರು ಅವರೆಕಾಳು

ಸಾವಿರದ ಒಂಬೈನೂರ ಮೂವತ್ತಾರನೇ ಇಸವಿ, ಪುಷ್ಯ ಮಾಸ, ಬಿಸಿಲೇರೋ ಹೊತ್ತು. ಚಿಕ್ಕರಸಿನಕೆರೆ ಮಗ್ಗುಲ ಹಳ್ಳಿಯೊಂದರಲ್ಲಿ, ದೇವೀರಮ್ಮನ ಜಗುಲಿ ಮೇಲೆ ಎಂಟು ಹೆಂಗಸರು ಅವರೆಕಾಯಿ ಸುಲಿಯುತ್ತಾ ಕೂತಿದ್ದರು.

"ಬೋರೀ, ಆಲೆಮನೇಲಿ ಮರಿತಾತ ಅಸ್ಕೊಂಡು ಕುಂತವ್ನೆ. ಹಿಟ್ಟಿನ ಬುತ್ತಿ ಕೊಟ್ಬುಟ್ಟು ಬಾ," ಅಂದಳು ದೇವೀರಮ್ಮ. ಮರಿಯಯ್ಯ ಅವಳ ಒಡಹುಟ್ಟಿದ ತಮ್ಮ.

ಮಗನ ಮಗಳು, ಒಂಬತ್ತು ವರ್ಷದ ಚಿಕ್ಕಬೋರಮ್ಮ ಕಂಬ ತಬ್ಬಿಕೊಂಡಳು. "ನಾನೋಗಕಿಲ್ಲ ಕಣಜ್ಜಿ."

"ಸೋಮಾರಿ ಮುಂಡೇದೆ! ಅವನೇನು ಉಲೀನಾ, ತಿಂದಾಕಕ್ಕೆ?"

ಬಾಣಂತಿ ನೋಡಲು ಮಂಡ್ಯದಿಂದ ಬಂದಿದ್ದ ಸೂಲಗಿತ್ತಿ ತಿರುಮಲಮ್ಮ ಅಲ್ಲೇ ಕೂತಿದ್ದರು. "ಗದರಬೇಡಿ ದೇವೀರಮ್ಮ. ಮಕ್ಕಳನ್ನ ಮುಟ್ಟಬಾರದ ಹಾಗೆ ಮುಟ್ಟೋರು ಎಷ್ಟೋ ಸಲ ಮನೆಯೋರೇ ಆಗಿರ್ತಾರೆ."

"ಅವೆಲ್ಲ ನಿಮ್ ಪ್ಯಾಟೇಲಿ ಕಣ್ರಮ್ಮ. ನಮ್ಮೂರಲ್ಲಿ ತಡಕಿದ್ರೂ ಒಂದ್ ಸಿಕ್ಕಕಿಲ್ಲ."

"ಯಾರನ್ನಾದ್ರೂ ಕೇಳಿದೀರಾ?"

ಕೇಳಿದವರು ಯಾರೂ ಇರಲಿಲ್ಲ. ತಿರುಮಲಮ್ಮ ಕಿರುಬಾಯಿಯ ಮಡಕೆ ತರಿಸಿದರು. "ಚಿಕ್ಕಂದಿನಲ್ಲಿ ಹಂಗಾಗಿದ್ರೆ ಒಂದು ಕಾಳು ಹಾಕಿ. ಇಲ್ದಿದ್ರೆ ಬರಿಗೈ ಇಳಿಬಿಟ್ಟು ತೆಗೀರಿ. ಹೆಸರು ಬೇಡ."

ಮಡಕೆ ಎಂಟು ಕೈ ದಾಟಿತು. ದೇವೀರಮ್ಮ ನಗುತ್ತಲೇ ಅದನ್ನು ಮೊರಕ್ಕೆ ಬಗ್ಗಿಸಿದಳು.

ಮೂರು ಕಾಳು ಉರುಳಿದವು.

"ಅದ್ರಲ್ಲಿ ಒಂದು ನಂದು ಕಣವ್ವ." ಗಂಡ ತೀರಿದ ಮೇಲೆ ತವರಲ್ಲೇ ಇದ್ದ ಮಗಳು ಮಲ್ಲಿಗಮ್ಮ ತಲೆ ಎತ್ತಲಿಲ್ಲ. "ಇದೇ ಮರಿಮಾವ, ಅದೇ ಆಲೆಮನೆ. ಅವತ್ತು ಯೋಳಕ್ಕೆ ಬಂದೆ. ಬಾಯಿ ಮೇಲೆ ಒಡೆದೆ ನೀನು."

ಹೌದು, ಹೊಡೆದಿದ್ದಳು. ಹೊಡೆದು, ಕಣ್ಣೊರೆಸಿ, ಬುತ್ತಿ ಕೊಟ್ಟು ಮತ್ತೆ ಅಲ್ಲಿಗೇ ಕಳಿಸಿದ್ದಳು.

ದೇವೀರಮ್ಮ ಕಂಬದ ಹತ್ತಿರ ಹೋಗಿ ಬೋರಿಯ ಪಕ್ಕ ಕೂತಳು. "ಬಯ್ಯಕಿಲ್ಲ ಕಣವ್ವ, ಯೋಳು. ನಿಂದೇನೂ ತಪ್ಪಿಲ್ಲ."

ಬೋರಿ ಅಜ್ಜಿಯ ಕಿವಿಯಲ್ಲಿ ಹೇಳಿದಳು. ದೇವೀರಮ್ಮ ನಂಬಿದಳು. ಇಪ್ಪತ್ತು ವರ್ಷ ತಡವಾಗಿ ನಂಬಿದಳು. ಮಲ್ಲಿಗಮ್ಮನ ಮುಖ ನೋಡಲು ಮಾತ್ರ ಅವಳಿಂದ ಆಗಲಿಲ್ಲ.

ಕೇಳುತ್ತಿರುವ ಅವ್ವಂದಿರೇ, ಅಪ್ಪಂದಿರೇ, ಇದು ಎಲ್ಲೋ ಒಂದು ಮನೆಯ ಮಾತಲ್ಲ. ಮಗು ಒಬ್ಬರ ಹತ್ತಿರ ಹೋಗಲ್ಲ ಅಂದರೆ ಯಾಕೆ ಅಂತ ಮೆತ್ತಗೆ ಕೇಳಿ. ಹೇಳಿದ್ದನ್ನು ನಂಬಿ. ಮಾನ ಹೋಗುತ್ತೆ ಅಂತ ಮುಚ್ಚಿಡಬೇಡಿ, ಮುಚ್ಚಿಟ್ಟರೆ ಅದು ಮುಂದಿನ ಮಗುವಿಗೂ ಕಾದು ಕೂತಿರುತ್ತೆ. ಪೊಲೀಸರಿಗೆ ತಿಳಿಸಿ.

ಪಟೇಲರ ಮನೆಗೆ ಹೋಗಿ ಹೇಳಿದವಳು ದೇವೀರಮ್ಮನೇ. ಮಂಗಳವಾರ ಹೊತ್ತಾರೆ ಪೊಲೀಸರು ಮರಿಯಯ್ಯನನ್ನು ಮದ್ದೂರಿಗೆ ಕರೆದುಕೊಂಡು ಹೋದರು. ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಬುತ್ತಿ ಕಟ್ಟಿಕೊಡಲಿಲ್ಲ.